ಆರನೇ ತಿಂಗಳು ತುಂಬುವ ಹೊತ್ತಿಗೆ: ಗರ್ಭಿಣಿಯ ಮನೆಯವರು ತಿಳಿದಿರಬೇಕಾದದ್ದು

ಗರ್ಭಿಣಿಗೆ ಆರನೇ ತಿಂಗಳು ತುಂಬುತ್ತ ಬಂದಾಗ ಮನೆಯವರಿಗೆಲ್ಲ ಒಂದು ಸಮಾಧಾನ. ಸಾಮಾನ್ಯವಾಗಿ ವಾಂತಿ, ತಲೆಸುತ್ತು ಕಡಿಮೆಯಾಗಿ ಊಟ ಸೇರುತ್ತದೆ. ಮುಖದಲ್ಲಿ ಕಳೆ ಬಂದಿರುತ್ತದೆ. ಹೆರಿಗೆಗೆ ಇನ್ನೂ ಮೂರು ತಿಂಗಳಿದೆ ಎಂದು ಎಲ್ಲರೂ ಸೀಮಂತದ ಸಿದ್ಧತೆಯಲ್ಲಿ ತೊಡಗುತ್ತಾರೆ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳಿರುವ 53 ಗರ್ಭಾನ್ವಯ ಕ್ರಿಯೆಗಳಲ್ಲಿ ಧೃತಿ ಕ್ರಿಯೆ ಬರುವುದೂ ಏಳನೇ ತಿಂಗಳಲ್ಲಿ.

ಈ ಸಂಭ್ರಮದ ನಡುವೆ ಎರಡು ತೊಂದರೆಗಳು ಸದ್ದಿಲ್ಲದೆ ಬರಬಹುದು. ಒಂದು ರಕ್ತಹೀನತೆ, ಇನ್ನೊಂದು ಗರ್ಭಿಣಿಯರಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆ. ನೋಡಲು ಆರೋಗ್ಯವಾಗಿರುವವರಲ್ಲೂ ಇವು ಇರಬಹುದು. ಪರೀಕ್ಷೆ ಮಾಡಿಸಿದರೇ ಖಚಿತವಾಗುವುದು. ಈಗ ತಿಳಿದರೆ ಸರಿಪಡಿಸಿಕೊಳ್ಳಲು ಸಮಯವಿದೆ. ಒಂಬತ್ತನೇ ತಿಂಗಳಲ್ಲಿ ತಿಳಿದರೆ ಕಷ್ಟ. ಆದ್ದರಿಂದ 24ರಿಂದ 28ನೇ ವಾರದೊಳಗಿನ ತಪಾಸಣೆಯನ್ನು ಯಾವ ಕಾರಣಕ್ಕೂ ಮುಂದೂಡಬಾರದು.

ಮಗುವಿನ ಬೆಳವಣಿಗೆ

24ನೇ ವಾರದಲ್ಲಿ ಮಗುವಿನ ತೂಕ ಸುಮಾರು 600 ಗ್ರಾಂ. 27ನೇ ವಾರ ಮುಗಿಯುವಾಗ ಅದು ಒಂದು ಕಿಲೋಗೆ ಹತ್ತಿರ ಬರುತ್ತದೆ. ಮಗುವಿಗೆ ಹೊರಗಿನ ಸದ್ದು ಕೇಳಿಸುತ್ತದೆ, ರೆಪ್ಪೆಗಳು ತೆರೆಯುವುದೂ ಈ ದಿನಗಳಲ್ಲೇ. ಶ್ವಾಸಕೋಶ ಮಾತ್ರ ಇನ್ನೂ ಪೂರ್ತಿ ಬಲಿತಿರುವುದಿಲ್ಲ.

ಮಗು ಮಿಸುಕಾಡುವುದು ಈಗ ತಾಯಿಗೆ ಚೆನ್ನಾಗಿ ಗೊತ್ತಾಗುತ್ತದೆ. 24 ವಾರ ತುಂಬಿದರೂ ಚಲನೆ ಗೊತ್ತಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ದಿನವೂ ಇದ್ದ ಚಲನೆ ಕಡಿಮೆಯಾದರೆ ಅಥವಾ ನಿಂತರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಶ್ವೇತಾಂಬರ ಸಂಪ್ರದಾಯದ ಕಲ್ಪಸೂತ್ರದಲ್ಲಿ, ಗರ್ಭದಲ್ಲಿದ್ದ ವರ್ಧಮಾನ ತಾಯಿಗೆ ನೋವಾಗದಿರಲೆಂದು ಅಲುಗಾಡದೆ ಇದ್ದಾಗ ತ್ರಿಶಲಾದೇವಿ ದುಃಖಿಸಿದ ಪ್ರಸಂಗವಿದೆ. ಗರ್ಭಿಣಿ "ಮಗು ಯಾಕೋ ಅಲುಗಾಡುತ್ತಿಲ್ಲ" ಎಂದರೆ ಮನೆಯವರು ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ತಾಯಿಯ ದೇಹದಲ್ಲಿ

ಗರ್ಭಕೋಶ ಹೊಕ್ಕುಳಿನಿಂದ ಮೇಲೆ ಬಂದಿರುತ್ತದೆ. ಸೊಂಟ ನೋವು, ಎದೆ ಉರಿ, ಮಲಬದ್ಧತೆ, ರಾತ್ರಿ ಮೀನಖಂಡ ಹಿಡಿಯುವುದು, ಸಂಜೆಗೆ ಪಾದ ಸ್ವಲ್ಪ ಊದುವುದು ಸಾಮಾನ್ಯ. ಹೊಟ್ಟೆ ಒಂದೆರಡು ಸಲ ಗಟ್ಟಿಯಾಗಿ ಮತ್ತೆ ಸಡಿಲವಾಗುವುದೂ ಉಂಟು. ಎಡ ಮಗ್ಗುಲಿಗೆ ಮಲಗಿ ಕಾಲುಗಳ ನಡುವೆ ದಿಂಬು ಇಟ್ಟುಕೊಂಡರೆ ಆರಾಮವಾಗುತ್ತದೆ.

ಮಾಡಿಸಬೇಕಾದ ಪರೀಕ್ಷೆಗಳು

ಮೊದಲನೆಯದು ಹಿಮೋಗ್ಲೋಬಿನ್. ಗರ್ಭಿಣಿಗೆ ಅದು 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ. 7ಕ್ಕಿಂತ ಕೆಳಗಿದ್ದರೆ ತಡಮಾಡದೆ ಆಸ್ಪತ್ರೆಯ ಚಿಕಿತ್ಸೆ ಬೇಕು. ರಕ್ತ ಕಡಿಮೆ ಇರುವ ತಾಯಿಗೆ ಹೆರಿಗೆಯಲ್ಲಿ ರಕ್ತಸ್ರಾವವಾದರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

ಎರಡನೆಯದು ಸಕ್ಕರೆ ಪರೀಕ್ಷೆ. ಸರ್ಕಾರಿ ಆಸ್ಪತ್ರೆಗಳ ಕ್ರಮದಲ್ಲಿ 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕುಡಿಸಿ, ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಎಂದು ಪರಿಗಣಿಸುತ್ತಾರೆ. ಇದಕ್ಕೆ ಖಾಲಿ ಹೊಟ್ಟೆ ಕಡ್ಡಾಯವಿಲ್ಲ. ಕೆಲವು ಆಸ್ಪತ್ರೆಗಳಲ್ಲಿ ಖಾಲಿ ಹೊಟ್ಟೆಯಲ್ಲೇ ಬರಲು ಹೇಳುತ್ತಾರೆ. ಸೂರ್ಯಾಸ್ತಕ್ಕೆ ಊಟ ಮುಗಿಸಿದವರು ಅಂಥ ಕಡೆ ಬೆಳಗಿನ ಮೊದಲ ಸರದಿಯನ್ನೇ ಕೇಳಿಕೊಳ್ಳಬೇಕು. ಹತ್ತು ಗಂಟೆಯವರೆಗೆ ಕಾದರೆ ಹದಿನಾರು ಗಂಟೆ ಉಪವಾಸವಾಗುತ್ತದೆ. ಸಕ್ಕರೆ ಇದೆ ಎಂದು ತಿಳಿದರೆ ಗಾಬರಿ ಬೇಡ. ಆಹಾರ ಕ್ರಮ ಮತ್ತು ನಡಿಗೆಯಿಂದಲೇ ಅನೇಕರಿಗೆ ಹತೋಟಿಗೆ ಬರುತ್ತದೆ. ನಿರ್ಲಕ್ಷಿಸಿದರೆ ಮಗು ಅತಿಯಾಗಿ ಬೆಳೆದು ಹೆರಿಗೆ ಕಷ್ಟವಾಗಬಹುದು.

ಜೊತೆಗೆ ರಕ್ತದೊತ್ತಡ, ಮೂತ್ರ ಪರೀಕ್ಷೆ ಆಗಬೇಕು. ಧನುರ್ವಾಯು ತಡೆಯುವ ಟಿ.ಡಿ. ಚುಚ್ಚುಮದ್ದು ಆಗಿದೆಯೇ ಎಂದು ತಾಯಿ ಕಾರ್ಡಿನಲ್ಲಿ ನೋಡಬೇಕು. ತಾಯಿಯ ರಕ್ತದ ಗುಂಪು ನೆಗೆಟಿವ್ ಇದ್ದರೆ 28ನೇ ವಾರದ ಚುಚ್ಚುಮದ್ದಿನ ಬಗ್ಗೆ ಈಗಲೇ ಕೇಳಿರಬೇಕು.

ವ್ರತ, ಊಟ ಮತ್ತು ಮಾತ್ರೆ

ನಮ್ಮ ಮನೆಗಳಲ್ಲಿ ವಿಶೇಷವಾಗಿ ಯೋಚಿಸಬೇಕಾದ ವಿಷಯ ಇದು. ಸಂಜೆ ಆರಕ್ಕೆ ಊಟ ಮುಗಿದು, ಸೂರ್ಯೋದಯದ ನಂತರ 48 ನಿಮಿಷ ಬಿಟ್ಟು ಆಹಾರ ತೆಗೆದುಕೊಂಡರೆ ನಡುವೆ ಸುಮಾರು ಹದಿಮೂರು ಗಂಟೆ ಅಂತರ. ರಾತ್ರಿ ಭೋಜನ ತ್ಯಾಗ ಪಾಲಿಸುವ ಗರ್ಭಿಣಿಗೆ ಸಂಜೆಯ ಊಟ ಹೊಟ್ಟೆ ತುಂಬ ಇರಬೇಕು. ಅವಲಕ್ಕಿ, ಹಾಲು ಮುಗಿಸಿ ಏಳುವುದು ಸಾಲದು. ಮುದ್ದೆ ಅಥವಾ ಚಪಾತಿ, ಬೇಳೆ ಅಥವಾ ಕಾಳಿನ ಸಾರು, ಪಲ್ಯ, ಮೊಸರು ಇರಲಿ. ಹಗಲಿನಲ್ಲಿ ಮೂರು ಊಟದ ಜೊತೆ ಎರಡು ಸಲ ಹಣ್ಣು, ಹುರಿಗಡಲೆ, ಎಳ್ಳುಂಡೆಯಂಥದ್ದು ಕೊಡಬೇಕು. ಸಕ್ಕರೆ ಅಂಶ ಇರುವವರಿಗೆ ಎಷ್ಟು ಕೊಡಬೇಕು ಎಂಬುದನ್ನು ವೈದ್ಯರು ಹೇಳುತ್ತಾರೆ.

ಕಾಯಿಸಿ ಆರಿಸಿದ ನೀರನ್ನು ಹಗಲಿಡೀ ಸ್ವಲ್ಪ ಸ್ವಲ್ಪವಾಗಿ 8ರಿಂದ 10 ಲೋಟ ಕುಡಿಯಬೇಕು. ನೀರು ಕಡಿಮೆಯಾದರೆ ಮೂತ್ರದ ಸೋಂಕು, ಮಲಬದ್ಧತೆ ಹೆಚ್ಚುತ್ತದೆ. ಚೌವಿಹಾರ ಪಾಲಿಸುವವರು, ಈ ತಿಂಗಳುಗಳಲ್ಲಿ ನೀರಿಗೆ ಅವಕಾಶವಿರುವ ತಿವಿಹಾರಕ್ಕೆ ಬದಲಾಯಿಸಿಕೊಳ್ಳುವ ಬಗ್ಗೆ ಗುರುಗಳಲ್ಲಿ ಕೇಳಬಹುದು. ಅಷ್ಟಮಿ, ಚತುರ್ದಶಿಯ ನಿರ್ಜಲ ಉಪವಾಸ ಗರ್ಭಿಣಿಗೆ ಸಲ್ಲದು. ಷೋಡಶ ಕಾರಣ ಭಾವನೆಗಳಲ್ಲೇ ತಪಸ್ಸನ್ನು ಶಕ್ತಿಗೆ ತಕ್ಕಂತೆ ಮಾಡಬೇಕೆಂಬ ಭಾವನೆಯಿದೆ. ಜಪ, ಸ್ವಾಧ್ಯಾಯ, ಸಾಮಾಯಿಕಕ್ಕೆ ಅಡ್ಡಿಯಿಲ್ಲ.

ರಕ್ತ ಕಡಿಮೆ ಎಂದೊಡನೆ ಯಾರಾದರೂ ಬೀಟ್‌ರೂಟ್, ಕ್ಯಾರೆಟ್ ತಿನ್ನಿ ಎನ್ನುತ್ತಾರೆ. ಗಡ್ಡೆ ತಿನ್ನದವರು ಇದಕ್ಕೆ ಚಿಂತಿಸಬೇಕಿಲ್ಲ. ಬೀಟ್‌ರೂಟಿನ ಕೆಂಪು ಬಣ್ಣಕ್ಕೂ ಕಬ್ಬಿಣಾಂಶಕ್ಕೂ ಸಂಬಂಧವಿಲ್ಲ. ನುಗ್ಗೆ ಸೊಪ್ಪು, ಹರಿವೆ, ಹುರುಳಿ, ಕಡಲೆ, ಎಳ್ಳು, ರಾಗಿ ಇವು ಉತ್ತಮ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮನೆಗಳಲ್ಲಿ ಕಾಳು, ಎಳ್ಳು ಹೆಚ್ಚಿಸಬೇಕು. ಊಟದ ಜೊತೆ ನಿಂಬೆರಸ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ. ಬಿ12 ಜೀವಸತ್ವ ಸಸ್ಯಾಹಾರದಲ್ಲಿ ಮುಖ್ಯವಾಗಿ ಹಾಲು, ಮೊಸರಿನಿಂದಲೇ ಸಿಗಬೇಕು. ಅದನ್ನೂ ಬಿಟ್ಟವರು, ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದವರು ಬಿ12 ಪರೀಕ್ಷೆಯ ಬಗ್ಗೆ ಕೇಳಬೇಕು.

ಆಹಾರವೊಂದರಿಂದಲೇ ಗರ್ಭಿಣಿಯ ಅಗತ್ಯ ತುಂಬುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಕಬ್ಬಿಣಾಂಶದ ಕೆಂಪು ಮಾತ್ರೆಯನ್ನು ದಿನಕ್ಕೊಂದರಂತೆ ಗರ್ಭಿಣಿಯಾಗಿರುವಾಗ ಕನಿಷ್ಠ 180 ದಿನ, ಕ್ಯಾಲ್ಸಿಯಂ ಮಾತ್ರೆಯನ್ನು ದಿನಕ್ಕೆರಡರಂತೆ ಕೊಡುವುದು ಕ್ರಮ. ಇವೆರಡನ್ನೂ ಒಟ್ಟಿಗೆ ನುಂಗಬಾರದು. ಚೀಟಿಯಲ್ಲಿ "ರಾತ್ರಿ ಊಟದ ನಂತರ" ಎಂದು ಬರೆದಿದ್ದರೆ ರಾತ್ರಿ ಏನೂ ತೆಗೆದುಕೊಳ್ಳುವುದಿಲ್ಲವೆಂದು ಮಾತ್ರೆಯನ್ನೇ ಬಿಡುವವರಿದ್ದಾರೆ. ಹಾಗೆ ಮಾಡದೆ ವೈದ್ಯರಿಗೆ ತಿಳಿಸಿ ಸಮಯ ಹೊಂದಿಸಿಕೊಳ್ಳಬೇಕು. ಉದಾಹರಣೆಗೆ, ತಿಂಡಿಯ ನಂತರ ಒಂದು ಕ್ಯಾಲ್ಸಿಯಂ, ಹನ್ನೊಂದು ಗಂಟೆಗೆ ನಿಂಬೆ ಪಾನಕದ ಜೊತೆ ಕಬ್ಬಿಣ, ಸಂಜೆಯ ಊಟದ ನಂತರ ಇನ್ನೊಂದು ಕ್ಯಾಲ್ಸಿಯಂ. ಕಬ್ಬಿಣದ ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ, ಹಾಲು ಬೇಡ. ಮಲ ಕಪ್ಪಾಗುವುದು ಸಹಜ. ಥೈರಾಯ್ಡ್ ಮಾತ್ರೆ ಇದ್ದರೆ ಅದಕ್ಕೂ ಈ ಎರಡಕ್ಕೂ 4 ಗಂಟೆ ಅಂತರವಿರಲಿ. ಕ್ಯಾಪ್ಸೂಲಿನ ಹೊದಿಕೆ ಜೆಲಟಿನ್‌ನದಾದರೆ ಅದು ಪ್ರಾಣಿಜನ್ಯ. ಅದೇ ಔಷಧ ಮಾತ್ರೆ ಅಥವಾ ಸಸ್ಯಜನ್ಯ ಹೊದಿಕೆಯಲ್ಲಿದೆಯೇ ಎಂದು ಕೇಳಬಹುದು.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ರಕ್ತಸ್ರಾವ, ನೀರು ಹೋಗುವುದು, ಬಿಟ್ಟು ಬಿಟ್ಟು ಲೆಕ್ಕವಿಟ್ಟಂತೆ ಬರುವ ಹೊಟ್ಟೆ ನೋವು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದುವುದು, ಫಿಟ್ಸ್, ಜ್ವರ, ಉಸಿರು ಕಟ್ಟುವುದು, ಮಗುವಿನ ಚಲನೆ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತ. ಇಂಥ ಹೊತ್ತಿನಲ್ಲಿ ರಾತ್ರಿ ನೀರು, ಔಷಧ ತೆಗೆದುಕೊಳ್ಳಲು ಗರ್ಭಿಣಿ ಹಿಂಜರಿದರೆ ಹಿರಿಯರೇ ಮುಂದೆ ಬಂದು ಧೈರ್ಯ ಹೇಳಬೇಕು.

ತವರಿಗೆ ಹೊರಡುವ ಮುನ್ನ

ಸೀಮಂತದ ನಂತರ ಹೆಣ್ಣುಮಗಳು ತವರಿಗೆ ಹೋಗುವುದು ವಾಡಿಕೆ. ಆಸ್ಪತ್ರೆ ಬದಲಾಗುವುದರಿಂದ ತಾಯಿ ಕಾರ್ಡ್, ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆಯ ವರದಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ಒಂದೇ ಚೀಲದಲ್ಲಿ ಅವಳ ಜೊತೆಗೇ ಹೋಗಬೇಕು. ಕಾರಿನಲ್ಲಿ ಸೀಟ್ ಬೆಲ್ಟ್ ಹೊಟ್ಟೆಯ ಕೆಳಗೆ ಬರುವಂತೆ ಹಾಕಿಕೊಂಡು, ಎರಡು ಗಂಟೆಗೊಮ್ಮೆ ಇಳಿದು ನಡೆಯಬೇಕು. ಪ್ರತಿ ತಿಂಗಳ 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ಇರುತ್ತದೆ. ಇನ್ನೂ ಪರೀಕ್ಷೆ ಆಗದಿದ್ದರೆ, ಸೀಮಂತದ ದಿನ ನೋಡುವ ಮೊದಲು ಮುಂದಿನ 9ನೇ ತಾರೀಖಿಗೆ ಗರ್ಭಿಣಿಯನ್ನು ಕರೆದುಕೊಂಡು ಹೋಗಿ ಬನ್ನಿ.