ಮುದ್ರಿತ ಸೌರಕೋಶ: ಅಗ್ಗವೆಂದರೆ ಸಾಲದು

ಸೌರಕೋಶವನ್ನು ಮುದ್ರಣಯಂತ್ರದಲ್ಲಿಯೇ ತಯಾರಿಸಬಹುದು ಎಂಬ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಮೂರು ಆಯಾಮದ ಮುದ್ರಣದ ಜನಪ್ರಿಯತೆ ಈ ನಿರೀಕ್ಷೆಯನ್ನು ಇನ್ನಷ್ಟು ಹೆಚ್ಚಿಸಿದೆ. ಆದರೆ ಈ ಉದ್ಯಮಕ್ಕೆ ಮುದ್ರಣ ಹೊಸದಲ್ಲ. ಸಿಲಿಕಾನ್ ಕೋಶದ ಮೇಲಿನ ಬೆಳ್ಳಿಯ ಗೆರೆಗಳು ಮೂಡುವುದು ಲಗ್ನಪತ್ರಿಕೆಗೆ ಬಳಸುವ ಸ್ಕ್ರೀನ್ ಪ್ರಿಂಟಿಂಗ್ ವಿಧಾನದಿಂದಲೇ. ಹೊಸದೆಂದರೆ, ಬೆಳಕನ್ನು ವಿದ್ಯುತ್ತಾಗಿಸುವ ಪದರವನ್ನೇ ಶಾಯಿಯಂತೆ ಪ್ಲಾಸ್ಟಿಕ್ ಹಾಳೆಗೆ ಲೇಪಿಸುವುದು.

ಈ ಶಾಯಿಯ ಮುಖ್ಯ ವಸ್ತು ಪೆರೋವ್‌ಸ್ಕೈಟ್. 2009ರಲ್ಲಿ ಜಪಾನಿನ ಮಿಯಾಸಾಕಾ ತಂಡ ರೂಪಿಸಿದ ಕೋಶದ ದಕ್ಷತೆ ಶೇ 3.8 ಮಾತ್ರ. 2024ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆ ಸುರುಳಿ ಹಾಳೆಯ ಮೇಲೆ ಮುದ್ರಿಸಿದ 50 ಚದರ ಸೆಂಟಿಮೀಟರ್ ಫಲಕ ಶೇ 11ನ್ನು ಮುಟ್ಟಿತು. ಮಾರುಕಟ್ಟೆಯಲ್ಲಿರುವ ಸಿಲಿಕಾನ್ ಫಲಕಗಳ ದಕ್ಷತೆ ಶೇ 20ರ ಆಸುಪಾಸು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಿಗೆ ಇದರಿಂದೇನು ಪ್ರಯೋಜನ? ಕಬ್ಬಿಗೆ ನೀರೆತ್ತುವ ಪಂಪ್‌ಸೆಟ್‌ಗೆ ಇಂಥ ಹಾಳೆ ಬಳಸಿದರೆ ಸುಮಾರು ಇಮ್ಮಡಿ ಜಾಗ ಬೇಕು. ಆದರೆ ಹಗುರವಾಗಿರುವುದು ಅದರ ದೊಡ್ಡ ಗುಣ. 20 ಕಿಲೋ ಮೀರಿದ ಗಾಜಿನ ಫಲಕಗಳನ್ನು ಹೊರಲಾರದ ಅಥಣಿ ಭಾಗದ ಒಣದ್ರಾಕ್ಷಿ ಶೆಡ್ಡುಗಳಿಗೆ, ನಿಪ್ಪಾಣಿಯ ತಂಬಾಕು ಗೋದಾಮುಗಳ ತಗಡಿನ ಚಾವಣಿಗೆ ಅದು ಒಪ್ಪೀತು.

ನಿರ್ಣಾಯಕ ಪ್ರಶ್ನೆ ಬಾಳಿಕೆಯದು. ಸಿಲಿಕಾನ್ ಫಲಕಕ್ಕೆ ಸಾಮಾನ್ಯವಾಗಿ 25 ವರ್ಷಗಳ ಖಾತರಿಯಿದೆ. ಪೆರೋವ್‌ಸ್ಕೈಟ್ ತೇವ ಮತ್ತು ಕಾವಿಗೆ ಬೇಗ ಕೆಡುತ್ತದೆ. ಬೆಲೆ ಅರ್ಧವಾಗಿ ಬಾಳಿಕೆ ಐದೇ ವರ್ಷವೆಂದುಕೊಳ್ಳೋಣ. 25 ವರ್ಷಗಳಲ್ಲಿ ಐದು ಬಾರಿ ಕೊಳ್ಳುವ ರೈತ ಎರಡೂವರೆ ಪಟ್ಟು ಹಣ ತೆರುತ್ತಾನೆ. ಸಾಲದ ಕಂತು ತೀರುವ ಮುನ್ನವೇ ಫಲಕ ಕೆಟ್ಟರೆ ನಷ್ಟ ಇನ್ನೂ ಹೆಚ್ಚು.

ಇನ್ನೊಂದು ಅಂಶವೂ ಇದೆ. ಹೆಚ್ಚಿನ ಪೆರೋವ್‌ಸ್ಕೈಟ್ ಕೋಶಗಳಲ್ಲಿ ನೀರಿನಲ್ಲಿ ಕರಗಬಲ್ಲ ಸೀಸವಿದೆ. 2005, 2019 ಮತ್ತು 2021ರಲ್ಲಿ ಕೃಷ್ಣೆಯ ನೆರೆ ಕಂಡ ಈ ಸೀಮೆ ಅದನ್ನು ಕಡೆಗಣಿಸುವಂತಿಲ್ಲ.

ಆದ್ದರಿಂದ ಸರ್ಕಾರ ಸಹಾಯಧನವನ್ನು ವ್ಯಾಟ್ ಲೆಕ್ಕದಲ್ಲಿ ಹಂಚದೆ, ಖಾತರಿಯ ವರ್ಷಗಳಿಗೆ ಜೋಡಿಸಬೇಕು. ಅಥಣಿಯ ಬಿಸಿಲಿನಲ್ಲಿಯೂ ನದಿದಂಡೆಯ ತೇವದಲ್ಲಿಯೂ ಪರೀಕ್ಷೆಗೊಳಪಡದ ಹಾಳೆಗೆ ಬ್ಯಾಂಕ್ ಸಾಲ ದೊರೆಯಬಾರದು. ಕೆಟ್ಟ ಹಾಳೆಯನ್ನು ಮರಳಿ ಪಡೆಯುವ ಹೊಣೆ ತಯಾರಕರದಾಗಬೇಕು. ಅಲ್ಲಿಯವರೆಗೆ, 2019ರಲ್ಲಿ ಆರಂಭವಾದ ಪಿಎಂ-ಕುಸುಮ್‌ನಂಥ ಯೋಜನೆಗಳಡಿ ಸಿಲಿಕಾನ್ ಫಲಕ ಪಡೆಯಬಲ್ಲ ರೈತ ನಾಳಿನ ಅಗ್ಗಕ್ಕಾಗಿ ಇಂದಿನ ಬಿಸಿಲನ್ನು ಕಳೆದುಕೊಳ್ಳಬೇಕಿಲ್ಲ.