ಒಂದೆಕರೆಯಲ್ಲೊಂದು ಎವರೆಸ್ಟ್

ಅಡಿಕೆ ತೋಟದ ಎತ್ತರವನ್ನು ಒಮ್ಮೆ ಕೂಡಿಸಿ ನೋಡಿ. ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 540 ಮರ. ಮರಕ್ಕೆ 50 ಅಡಿ ಹಿಡಿದರೆ ಒಟ್ಟು 27,000 ಅಡಿ. ಎವರೆಸ್ಟ್ ಶಿಖರ 29,032 ಅಡಿ! ಕೊಳೆರೋಗ ತಡೆಯಲು ಮಳೆಗಾಲದಲ್ಲಿ ಎರಡು ಸಲವಾದರೂ ಔಷಧಿ ಹೊಡೆಯಬೇಕು. ಪ್ರತಿ ಮರವನ್ನೂ ಬುಡದಿಂದ ಏರಿದರೆ ಅಲ್ಲಿಗೆ 54,000 ಅಡಿ.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,600 ಮಿ.ಮೀ. ಮಳೆ. ಸಾಗರ, ಹೊಸನಗರದ ತೋಟಗಳಲ್ಲೂ ಜೂನ್ ಬಂತೆಂದರೆ ಹೊಳವಿಗಾಗಿ ಕಾಯುವುದೇ ಕೆಲಸ. ಮಳೆ ನಿಂತ ಎರಡು ಗಳಿಗೆಯಲ್ಲಿ ಕೊನೆಗಾರ ಪಾಚಿಗಟ್ಟಿದ ಮರ ಏರುತ್ತಾನೆ. ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ಮರ. ಗೊನೆಗೆ ಮೈಲುತುತ್ತ-ಸುಣ್ಣದ ನೀಲಿ ಬೋರ್ಡೋ ದ್ರಾವಣ ಹೊಡೆದು, ಮರವನ್ನೇ ತೂಗಿ ಪಕ್ಕದ ಮರ ಹಿಡಿಯುತ್ತಾನೆ. 1910ರಲ್ಲಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ಅಧ್ಯಯನ ಪ್ರಕಟಿಸಿದ ಕಾಲದಿಂದ ಇಂದಿನವರೆಗೂ ಬೋರ್ಡೋ ದ್ರಾವಣವೇ ನಮ್ಮ ಆಸರೆ.

ಮರ ಏರದೆ ಔಷಧಿ ಹೊಡೆಯುವ ಯೋಚನೆ ಹೊಸದಲ್ಲ. 1921ರ ಆಗಸ್ಟ್ 3ರಂದು ಅಮೆರಿಕದ ಓಹಾಯೊದಲ್ಲಿ ಜಾನ್ ಮೆಕ್ರೆಡಿ ಎಂಬ ಪೈಲಟ್ ಆರು ಎಕರೆ ಮರಗಳಿಗೆ ವಿಮಾನದಿಂದ ಕೀಟನಾಶಕ ಉದುರಿಸಿದ. ಹಿಡಿದದ್ದು 54 ಸೆಕೆಂಡು! ಆದರೆ ಅಲ್ಲಿ ಹುಳು ಇದ್ದದ್ದು ಎಲೆಯ ಮೇಲೆ. ನಮ್ಮ ಗೊನೆ ಇರುವುದು ಸೋಗೆಯ ಅಡಿಯಲ್ಲಿ.

ಡ್ರೋನಿಗೂ ಅದೇ ಸವಾಲು. ಮರಕ್ಕೆ ಒಂದು ಲೀಟರ್ ಎಂದರೂ ಎಕರೆಗೆ 540 ಲೀಟರ್ ದ್ರಾವಣ ಬೇಕು. ಹತ್ತು ಲೀಟರ್ ಟ್ಯಾಂಕಿನ ಡ್ರೋನ್ ಅಷ್ಟನ್ನೂ ಹೊರಲು 54 ಸಲ ಏರಿಳಿಯಬೇಕು. ಹಾಗಾಗಿ ಅದು ಕಡಿಮೆ ನೀರನ್ನು ಸಣ್ಣ ಹನಿಯಾಗಿಸಿ, ರೆಕ್ಕೆಗಾಳಿಯಿಂದ ಸೋಗೆ ಸರಿಸಿ ಗೊನೆ ಮುಟ್ಟಿಸಬೇಕು. ಎಷ್ಟು ಎತ್ತರ, ಎಷ್ಟು ವೇಗ, ಗಾಳಿ ಯಾವ ಕಡೆ ಎಂಬುದೆಲ್ಲ ಹಾರಿಸುವವರ ಕೈಗುಣ.

ಡ್ರೋನ್ ಪೈಲಟ್ ಪ್ರಮಾಣಪತ್ರಕ್ಕೆ 18 ವರ್ಷ ತುಂಬಿ, ಎಸ್ಸೆಸ್ಸೆಲ್ಸಿ ಪಾಸಾಗಿ, ತರಬೇತಿ ಮುಗಿಸಿರಬೇಕು. ಕೇಂದ್ರದ ‘ನಮೋ ಡ್ರೋನ್ ದೀದಿ’ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಡಲಾಗಿತ್ತು. ಆಯ್ಕೆಯಾದವರಿಗೆ 15 ದಿನಗಳ ತರಬೇತಿ.

ಹದಿನೈದು ದಿನದಲ್ಲಿ ಯಂತ್ರ ಹಾರಿಸಲು ಬರುತ್ತದೆ. ಯಾವ ಗೊನೆ ಎಲ್ಲಿ ಅಡಗಿದೆ, ಯಾವ ಮೋಡ ಹೊಳವು ಕೊಡುತ್ತದೆ ಎಂಬ ತಿಳಿವಳಿಕೆ ಕೊನೆಗಾರನ ಬಳಿಯಿದೆ. ಡ್ರೋನ್ ತರಬೇತಿಯ ಮೊದಲ ಪಾಠವನ್ನು ಅವನೇ ಮಾಡಲಿ, ಮೊದಲ ಸಾಲಿನಲ್ಲಿ ಅವನ ಮಕ್ಕಳು ಕೂರಲಿ. ಐವತ್ತು ಅಡಿ ಮೇಲಿನ ಗಾಳಿಯನ್ನು ಅವನಷ್ಟು ಬಲ್ಲವರು ನಮ್ಮಲ್ಲಿ ಬೇರೆ ಯಾರೂ ಇಲ್ಲ.