ಐಸಿಡಿ ಯಾರಿಗೆ ಬೇಕು? ಲೆಕ್ಕ ಹಾಕುವುದು ಹೀಗೆ

ಎಕೋ ವರದಿ ನೋಡಿದ ಹೃದಯತಜ್ಞರು ‘ಪಂಪಿಂಗ್ 30 ಇದೆ, ಐಸಿಡಿ ಹಾಕಿಸುವುದು ಒಳ್ಳೆಯದು’ ಎನ್ನುತ್ತಾರೆ. ರೋಗಿ ನಡೆದುಕೊಂಡೇ ಬಂದಿರುತ್ತಾನೆ, ಒಮ್ಮೆಯೂ ಪ್ರಜ್ಞೆ ತಪ್ಪಿದವನಲ್ಲ. ಇನ್ನೂ ಆಗದ ಸಾವಿಗೆ ಈಗಲೇ ಯಂತ್ರವೇಕೆ?

ಐಸಿಡಿ (ಇಂಪ್ಲಾಂಟಬಲ್ ಕಾರ್ಡಿಯೋವರ್ಟರ್ ಡಿಫಿಬ್ರಿಲೇಟರ್) ಎಂಬ ಯಂತ್ರವನ್ನು ಎದೆಯ ಮೇಲ್ಭಾಗದಲ್ಲಿ ಚರ್ಮದಡಿ ಕೂರಿಸುತ್ತಾರೆ. ಹೃದಯದ ಕೆಳಕೋಣೆಗಳು ಲಯ ತಪ್ಪಿ ಅದುರತೊಡಗಿದರೆ ಅದು ಕೆಲವೇ ಸೆಕೆಂಡುಗಳಲ್ಲಿ ಶಾಕ್ ಕೊಟ್ಟು ಲಯವನ್ನು ಮರಳಿಸುತ್ತದೆ. 1980ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮಿಶೆಲ್ ಮಿರೋವ್‌ಸ್ಕಿ ಅವರ ತಂಡ ಇದನ್ನು ಮೊದಲ ಬಾರಿ ಮನುಷ್ಯನಿಗೆ ಅಳವಡಿಸಿತು. ಆಗ ಇದು ಹೃದಯಸ್ತಂಭನವಾಗಿಯೂ ಬದುಕುಳಿದವರಿಗೆ ಮೀಸಲಾಗಿತ್ತು. ಈಗ ಅಂಥದ್ದೇನೂ ಆಗದವರಿಗೂ ಹಾಕುವುದರಿಂದ ಅಪಾಯವನ್ನು ಮೊದಲೇ ಊಹಿಸಬೇಕಾಗುತ್ತದೆ.

ಊಹೆಯ ಮುಖ್ಯ ಆಧಾರ ಇಂದಿಗೂ ಆ ಪಂಪಿಂಗ್ ಸಂಖ್ಯೆಯೇ, ಅಂದರೆ ಹೃದಯದ ಎಡ ಕೆಳಕೋಣೆ ಪ್ರತಿ ಬಡಿತಕ್ಕೆ ತನ್ನಲ್ಲಿನ ರಕ್ತದ ಶೇಕಡಾ ಎಷ್ಟನ್ನು ಹೊರದೂಡುತ್ತದೆ ಎಂಬುದು. 2002ರ ಮ್ಯಾಡಿಟ್-2 ಅಧ್ಯಯನಕ್ಕೆ ಹಿಂದೆ ಹೃದಯಾಘಾತವಾಗಿ ಪಂಪಿಂಗ್ 30 ಅಥವಾ ಅದಕ್ಕಿಂತ ಕಡಿಮೆ ಇದ್ದವರನ್ನು ಆರಿಸಿದ್ದರು. ಸರಾಸರಿ 20 ತಿಂಗಳಲ್ಲಿ ಐಸಿಡಿ ಇಲ್ಲದವರಲ್ಲಿ ಶೇ 19.8 ಮಂದಿ ತೀರಿಕೊಂಡರು, ಇದ್ದವರಲ್ಲಿ ಶೇ 14.2. ಲಾಭ ದೊಡ್ಡದೇ. ಆದರೆ ಆ ಶೇ 14 ಮಂದಿ ಯಂತ್ರವಿದ್ದೂ ಸತ್ತರು ಎಂಬುದನ್ನೂ ನೋಡಬೇಕು.

ಏಕೆಂದರೆ ದುರ್ಬಲ ಹೃದಯದವರೆಲ್ಲ ಲಯ ತಪ್ಪಿಯೇ ಸಾಯುವುದಿಲ್ಲ. ಹೃದಯ ಸೋತು, ಮೂತ್ರಪಿಂಡ ಕೆಟ್ಟು, ಸೋಂಕು ತಗುಲಿ ಹೋಗುವವರೂ ಇದ್ದಾರೆ. ಆ ಸಾವುಗಳ ಮುಂದೆ ಶಾಕ್ ನಿರುಪಯೋಗಿ. ಮ್ಯಾಡಿಟ್-2 ರೋಗಿಗಳ ವಿವರಗಳನ್ನೇ 2008ರಲ್ಲಿ ಮತ್ತೆ ಜಾಲಾಡಿದಾಗ ಬೇರೆ ಅಪಾಯಗಳೇನೂ ಇಲ್ಲದವರಿಗೆ ಲಾಭ ಕಾಣಲಿಲ್ಲ, ತೀರಾ ಹೆಚ್ಚು ಅಪಾಯವಿದ್ದವರಿಗೂ ಕಾಣಲಿಲ್ಲ. ಉಳಿದದ್ದು ನಡುವಿನವರು. ಹೆಚ್ಚು ಅಪಾಯವೆಂದರೆ ಹೆಚ್ಚು ಲಾಭ ಎಂದು ನಾವು ಸಹಜವಾಗಿ ಎಣಿಸುತ್ತೇವಲ್ಲ, ಅದು ಇಲ್ಲಿ ನಿಲ್ಲುವುದಿಲ್ಲ.

ಹಾಗಾಗಿ 2021ರ ಮ್ಯಾಡಿಟ್-ಐಸಿಡಿ ಸ್ಕೋರ್ ಎರಡು ಲೆಕ್ಕ ಹಾಕುತ್ತದೆ: ಅಪಾಯಕಾರಿ ಲಯದೋಷ ಬರುವ ಸಾಧ್ಯತೆ ಎಷ್ಟು, ಬೇರೆ ಕಾರಣದಿಂದ ಸಾಯುವ ಸಾಧ್ಯತೆ ಎಷ್ಟು. ಮೊದಲನೆಯದು ಹೆಚ್ಚು, ಎರಡನೆಯದು ಕಡಿಮೆ ಇದ್ದವರಿಗೆ ಯಂತ್ರ ಸಾರ್ಥಕ. ನನಗೆ ಇದೇ ಸರಿಯಾದ ದಾರಿಯೆನಿಸುತ್ತದೆ.

ಇಲ್ಲೊಂದು ತೊಡಕಿದೆ. ಐಸಿಡಿ ಇರುವವರಲ್ಲಿ ಇಂಥ ಸ್ಕೋರುಗಳು ಎಣಿಸುವುದು ಬಹುಮಟ್ಟಿಗೆ ಯಂತ್ರ ದಾಖಲಿಸಿದ ಲಯದೋಷವನ್ನು ಅಥವಾ ಅದು ಕೊಟ್ಟ ಶಾಕನ್ನು. ಆದರೆ ವೇಗದ ಲಯ ಕೆಲವೊಮ್ಮೆ ತಾನಾಗಿಯೇ ನಿಲ್ಲುತ್ತದೆ. ಶಾಕ್ ಬಿದ್ದ ಪ್ರತಿ ಸಲವೂ ಒಂದು ಸಾವು ತಪ್ಪಿತು ಎನ್ನಲಾಗದು. ಮೇಲಿನ ಕೋಣೆಯ ಲಯದೋಷಕ್ಕೆ ಯಂತ್ರ ಮೋಸಹೋಗಿ ಸುಮ್ಮನೆ ಶಾಕ್ ಕೊಡುವುದೂ ಉಂಟು. 2012ರ ಮ್ಯಾಡಿಟ್-ರಿಟ್ ಅಧ್ಯಯನದಲ್ಲಿ ಹೃದಯಬಡಿತ ನಿಮಿಷಕ್ಕೆ 200 ತಲುಪಿದ ಮೇಲಷ್ಟೇ ಚಿಕಿತ್ಸೆ ಕೊಡುವಂತೆ ಯಂತ್ರವನ್ನು ಹೊಂದಿಸಿದಾಗ ಅನಗತ್ಯ ಚಿಕಿತ್ಸೆ ಮಾತ್ರವಲ್ಲ, ಸಾವೂ ಕಡಿಮೆಯಾಯಿತು.

ಹೃದಯದ ಗೋಡೆ ದಪ್ಪವಾಗುವ ಆನುವಂಶಿಕ ಕಾಯಿಲೆಗೆ ಲೆಕ್ಕವೇ ಬೇರೆ. ಅಲ್ಲಿ ಗೋಡೆಯ ದಪ್ಪ, ಮನೆತನದಲ್ಲಿ ಹಠಾತ್ ಸಾವು, ಕಾರಣವಿಲ್ಲದೆ ಪ್ರಜ್ಞೆ ತಪ್ಪಿದ್ದು ಮುಂತಾದ ಏಳು ಅಂಶಗಳಿಂದ ಐದು ವರ್ಷದ ಅಪಾಯವನ್ನು ಅಳೆಯುತ್ತಾರೆ.

ಒಮ್ಮೆ ಹಾಕಿದ ಲೆಕ್ಕ ಶಾಶ್ವತವೂ ಅಲ್ಲ. ಔಷಧಿಯಿಂದ ಪಂಪಿಂಗ್ ಏರಬಹುದು, ವಯಸ್ಸಿನೊಂದಿಗೆ ಬೇರೆ ಕಾಯಿಲೆ ಸೇರಬಹುದು. ಬ್ಯಾಟರಿ ಮುಗಿದು ಯಂತ್ರ ಬದಲಿಸುವ ಹೊತ್ತಿಗೆ ‘ಇದುವರೆಗೆ ಎಷ್ಟು ಸಲ ಶಾಕ್ ಕೊಟ್ಟಿದೆ, ಸರಿಯಾದ ಕಾರಣಕ್ಕೇ ಕೊಟ್ಟಿದೆಯೇ, ಈಗಲೂ ಬೇಕೇ?’ ಎಂದು ವೈದ್ಯರನ್ನು ಕೇಳಿ. ಉತ್ತರ ಯಂತ್ರದ ದಾಖಲೆಯಲ್ಲೇ ಬಹುಪಾಲು ಸಿಗುತ್ತದೆ.